ಗುರುಗ್ರಹದ ಕೆಂಪು ಕಲೆ ಕುಗ್ಗುತ್ತಿದೆಯಂತೆ. ಅಲ್ಲಿ ಹವೆ ಕೆಟ್ಟಿದೆಯಾ, ನನ್ನ ಕಣ್ಣು ಕೆಟ್ಟಿದೆಯಾ?

ತುಮಕೂರು_ಡಾಬ್ · ಬುಧವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಎರಡು ವರ್ಷ ದುಡ್ಡು ಕೂಡಿಟ್ಟು ಡಿಸೆಂಬರ್‌ನಲ್ಲಿ 8 ಇಂಚಿನ ಡಾಬ್ಸೋನಿಯನ್ (ಡಾಬ್) ದೂರದರ್ಶಕ ತಗೊಂಡೆ. ಅವತ್ತಿಂದ ಗುರುವನ್ನೇ ನೋಡುತ್ತಿದ್ದೇನೆ. ಪಟ್ಟೆಗಳು ಚೆನ್ನಾಗಿ ಕಾಣುತ್ತವೆ. ನಾಲ್ಕು ಚಂದ್ರರೂ ಕಾಣುತ್ತಾರೆ. ಆ ಹೆಸರುವಾಸಿ ಕೆಂಪು ಕಲೆ, ಅಂದ್ರೆ ಅಲ್ಲಿಯ ದೈತ್ಯ ಬಿರುಗಾಳಿ, ಮಾತ್ರ ಕೈಗೆ ಸಿಗುತ್ತಿಲ್ಲ. ಶನಿವಾರ, ಸೋಮವಾರ, ಇವತ್ತು, ಮೂರು ದಿನವೂ ಊಟ ಮುಗಿಸಿ ಸರಿಯಾಗಿ 9ಕ್ಕೆ ತಾರಸಿ ಹತ್ತಿದೆ. ಅರ್ಧ ಗಂಟೆ ಕಣ್ಣು ಕಿತ್ತು ಹೋಗುವ ಹಾಗೆ ನೋಡಿದೆ. ಇಲ್ಲ ಅಂದ್ರೆ ಇಲ್ಲ.

ಬೇಜಾರಾಗಿ ನೆಟ್‌ನಲ್ಲಿ ಹುಡುಕಿದೆ. ಒಂದು ಕಡೆ ಕಲೆ ಕುಗ್ಗುತ್ತಿದೆ, ಸಾಯುತ್ತಿದೆ ಎಂದು ಬರೆದಿದ್ದಾರೆ. ಇನ್ನೊಂದು ಕಡೆ "ಗುರುವಿನಲ್ಲೂ ಹವಾಮಾನ ಬದಲಾವಣೆ" ಎಂದು ದಪ್ಪ ಅಕ್ಷರ. ನನ್ನ ಪ್ರಶ್ನೆ ಎರಡು. ಕಲೆ ನಿಜವಾಗಿ ಮಾಯವಾಗುತ್ತಿದೆಯಾ ಅಥವಾ ನನಗೇ ನೋಡಲು ಬರುವುದಿಲ್ಲವಾ? ಮತ್ತೆ, ನೆಲವೇ ಇಲ್ಲದ, ಒಂದು ಸ್ಕೂಟರೂ ಓಡದ ಗ್ರಹದಲ್ಲಿ ಹವಾಮಾನ ಬದಲಾವಣೆ ಎಂದರೆ ಏನರ್ಥ?

ಗುರುಬಲ_ಬಂತಾ

ನಿಮಗೆ ಗುರುಬಲ ಇಲ್ಲ ಮೇಡಂ. ಶಾಂತಿ ಮಾಡಿಸಿ.

ಹಳೇ_ಕನ್ನಡಕ

ಶಾಂತಿ ಬೇಡ ತಾಯಿ, ಗಡಿಯಾರ ನೋಡಿದರೆ ಸಾಕು. ಗುರು ತನ್ನ ಸುತ್ತ ಒಂದು ಸುತ್ತು ಬರಲು 9 ಗಂಟೆ 55 ನಿಮಿಷ ತೆಗೆದುಕೊಳ್ಳುತ್ತದೆ. ಐದು ಸುತ್ತಿಗೆ ಎರಡು ದಿನ, ಮೇಲೆ ಒಂದು ಗಂಟೆ 38 ನಿಮಿಷ. ನೀವು ದಿನ ಬಿಟ್ಟು ದಿನ ಅದೇ 9 ಗಂಟೆಗೆ ಹತ್ತುತ್ತಿದ್ದೀರಿ. ಹಾಗಾಗಿ ಹೆಚ್ಚುಕಡಿಮೆ ಅದೇ ಮುಖ ನೋಡುತ್ತಿದ್ದೀರಿ. ಮೂರು ಸಲವೂ ಕಲೆ ಆ ಕಡೆ ಇತ್ತು. ಶನಿವಾರ ಮಧ್ಯರಾತ್ರಿವರೆಗೆ ಕೂತಿದ್ದರೆ ಸಿಗುತ್ತಿತ್ತು. ನನ್ನ ಲೆಕ್ಕದಲ್ಲಿ ನಾಳೆ ರಾತ್ರಿ 11ರ ಸುಮಾರಿಗೆ ನಡುವೆ ಬರಬೇಕು. ನಾಳೆ ಗುರುವಾರ ಬೇರೆ.

ಇನ್ನೊಂದು ಮಾತು. ಕೆಂಪು ಎಂದ ಕೂಡಲೇ ಕುಂಕುಮದ ಬೊಟ್ಟು ಹುಡುಕಬೇಡಿ. ಮಳೆಗೆ ನೆಂದು ಬಿಸಿಲಿಗೆ ಒಣಗಿ ಮಾಸಿದ ಇಟ್ಟಿಗೆ ಇರುತ್ತದಲ್ಲ, ಅಂಥ ಬಣ್ಣ. ದಕ್ಷಿಣದ ದಪ್ಪ ಪಟ್ಟೆಯ ಅಂಚಿನಲ್ಲಿ ರೊಟ್ಟಿ ಕಚ್ಚಿದ ಹಾಗೆ ಒಂದು ಗುಳಿ ಇದೆ. ಮೊದಲು ಗುಳಿ ಹುಡುಕಿ, ಕಲೆ ಅದರೊಳಗೇ ಕೂತಿರುತ್ತದೆ. ನಿಮ್ಮ ಡಾಬ್‌ನಲ್ಲಿ ಚಿತ್ರ ತಲೆಕೆಳಗು, ದಕ್ಷಿಣ ಮೇಲಿರುತ್ತದೆ. ಮರೀಬೇಡಿ.

ತುಮಕೂರು_ಡಾಬ್

ಅಯ್ಯೋ ದೇವರೇ. ಮೂರು ದಿನ ಒಂದೇ ಬೆನ್ನು ನೋಡಿದ್ದೇನಾ!

ಕೋರಮಂಗಲ_ಕೋತಿ

ಹಾಗಂತ ನೆಟ್‌ನಲ್ಲಿ ಓದಿದ್ದು ಪೂರ್ತಿ ಸುಳ್ಳಲ್ಲ. ಕಲೆ ಕುಗ್ಗುತ್ತಿರುವುದು ನಿಜ. 19ನೇ ಶತಮಾನದ ಕೊನೆಯಲ್ಲಿ ಅಳೆದಾಗ ಅದರ ಉದ್ದ ಸುಮಾರು 40,000 ಕಿ.ಮೀ. 1979ರಲ್ಲಿ ನಾಸಾದ ವಾಯೇಜರ್ ನೌಕೆಗಳು ಹೋದಾಗ 23,000 ಕಿ.ಮೀ. ಚಿಲ್ಲರೆ. 2014ರಲ್ಲಿ ಹಬಲ್ ಬಾಹ್ಯಾಕಾಶ ದೂರದರ್ಶಕ ಅಳೆದಾಗ 16,500. ಮೊದಲು ಮೂರು ಭೂಮಿ ಹಿಡಿಸುತ್ತಿದ್ದ ಜಾಗದಲ್ಲಿ ಈಗ ಒಂದು ಭೂಮಿ ಇಟ್ಟರೆ ಅಂಚಿನಲ್ಲಿ ಸ್ವಲ್ಪ ಜಾಗ ಉಳಿಯುತ್ತದೆ, ಅಷ್ಟೇ.

ಮೊದಲು ಅದು ಅಡ್ಡಕ್ಕೆ ಎಳೆದ ಮೊಟ್ಟೆ ಥರ ಇತ್ತು, ಈಗ ದುಂಡಗಾಗುತ್ತಿದೆ. ಉದ್ದ ಕಡಿಮೆಯಾಗುತ್ತಾ ಎತ್ತರ ಸ್ವಲ್ಪ ಜಾಸ್ತಿಯಾಗಿದೆ, ಬಣ್ಣವೂ ಗಾಢವಾಗಿದೆ ಎಂದು 2018ರಲ್ಲಿ ಹೇಳಿದರು. ಕುಂಬಾರ ಚಕ್ರದ ಮೇಲಿನ ಮಣ್ಣನ್ನು ಒತ್ತಿದರೆ ಮೇಲೇಳುತ್ತದಲ್ಲ, ಹಾಗೆ.

ಗುರುಬಲ_ಬಂತಾ

1979ರಿಂದ 2014, 35 ವರ್ಷಕ್ಕೆ 6,500 ಕಿ.ಮೀ. ಹೋಯ್ತು. ಉಳಿದದ್ದು 16,500. ಇನ್ನು 90 ವರ್ಷಕ್ಕೆ ಕಲೆ ಖತಂ. ನನ್ನ ಮೊಮ್ಮಗ ತಿಥಿ ಊಟಕ್ಕೆ ಹೋಗಬಹುದು.

ಕೋರಮಂಗಲ_ಕೋತಿ

ನಿಮ್ಮ ಮೊಮ್ಮಗ ಐದು ವರ್ಷಕ್ಕೆ ಮೂರೂವರೆ ಅಡಿ ಬೆಳೆದ ಅಂದ್ರೆ ಐವತ್ತಕ್ಕೆ 35 ಅಡಿ ಆಗುತ್ತಾನಾ? ಗೆರೆ ಎಳೆದು ಹೇಳುವ ಲೆಕ್ಕ ಅಲ್ಲ ಇದು.

2019ರಲ್ಲಿ ಕಲೆಯ ಅಂಚಿನಿಂದ ಕೆಂಪು ಚಕ್ಕೆಗಳು ಕಿತ್ತು ಹೋಗುತ್ತಿದ್ದವು. ಹವ್ಯಾಸಿ ಖಗೋಳ ವೀಕ್ಷಕರೇ ಮೊದಲು ನೋಡಿದ್ದು. ಅವತ್ತೂ ಹೀಗೇ "ಕಲೆ ಸಾಯುತ್ತಿದೆ" ಎಂದು ಗುಲ್ಲಾಯಿತು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿಜ್ಞಾನಿ ಫಿಲಿಪ್ ಮಾರ್ಕಸ್ ಒಪ್ಪಲಿಲ್ಲ. ಮೇಲಿನ ಮೋಡದ ಬಣ್ಣ ಕಿತ್ತರೆ ಕೆಳಗಿನ ಸುಳಿ ಕಿತ್ತ ಹಾಗಲ್ಲ ಎಂಬುದು ಅವರ ವಾದ. ಸುಳಿಯಂತೂ ಇನ್ನೂ ಇದೆ. ಬದಲಿಗೆ 2009ರಿಂದ 2020ರವರೆಗಿನ ಹಬಲ್ ಚಿತ್ರ ನೋಡಿದರೆ ಹೊರ ಸುತ್ತಿನ ಗಾಳಿ ಸುಮಾರು 8 ಶೇಕಡಾವರೆಗೆ ಜಾಸ್ತಿಯಾಗಿದೆ. ಸಾಯುವವರು ಹೀಗೆ ಓಡುವುದಿಲ್ಲ.

ಪದಬಂಧ

400 ವರ್ಷದಿಂದ ಇರುವ ಕಲೆ, ಅಷ್ಟು ಬೇಗ ಎಲ್ಲಿ ಹೋಗುತ್ತದೆ ಬಿಡಿ. ಇಟಲಿಯ ಖಗೋಳಜ್ಞ ಕ್ಯಾಸಿನಿ 1665ರಲ್ಲೇ ನೋಡಿದ್ದ.

ಹಳೇ_ಕನ್ನಡಕ

ಮೊದಲನೆಯದಾಗಿ, 1665ರಿಂದ 400 ಆಗುವುದಿಲ್ಲ. ಎರಡನೆಯದು, ಕ್ಯಾಸಿನಿ ನೋಡಿದ್ದು ಬೇರೆ ಕಲೆ. ಅದು 1713ರವರೆಗೆ ದಾಖಲೆಯಲ್ಲಿದೆ, ಆಮೇಲೆ ನೂರಕ್ಕೂ ಜಾಸ್ತಿ ವರ್ಷ ಯಾರ ಚಿತ್ರದಲ್ಲೂ ಇಲ್ಲ. ಈಗಿನ ಕಲೆ ಸಿಗುವುದು 1831ರಿಂದ. 2024ರಲ್ಲಿ ಸ್ಪೇನ್‌ನ ವಿಜ್ಞಾನಿ ಸಾಂಚೇಸ್-ಲಾವೇಗಾ ಮತ್ತು ಜೊತೆಗಾರರು ಹಳೆಯ ಚಿತ್ರಗಳನ್ನೆಲ್ಲ ಅಳೆದು, ಎರಡೂ ಒಂದೇ ಅಲ್ಲ ಎಂದರು. ಹಳೆಯದು ಸತ್ತು ಹೋಗಿ ಅದೇ ಓಣಿಯಲ್ಲಿ ಹೊಸದು ಹುಟ್ಟಿದೆ. ನನಗೆ ಇದು ಹೆಚ್ಚು ಕುತೂಹಲದ ಸಂಗತಿ. ಒಂದು ಸಲ ಸತ್ತಿದೆ ಎಂದರೆ ಇನ್ನೊಂದು ಸಲವೂ ಸಾಯಬಹುದು. ಹುಟ್ಟಲೂಬಹುದು.

ಪದಬಂಧ

ಸರಿ, ಒಪ್ಪಿದೆ. ಆದರೆ ನನ್ನ ಕಸುಬಿನ ಪ್ರಶ್ನೆ ಒಂದಿದೆ. ಇಲ್ಲಿ ಎಲ್ಲರೂ "ಹವಾಮಾನ" ಎನ್ನುತ್ತಿದ್ದಾರೆ. ಯಾವುದಕ್ಕೆ? ಶಾಲೆಯಲ್ಲಿ ನಮಗೆ ಹವಾಮಾನ ಅಂದ್ರೆ ವೆದರ್, ವಾಯುಗುಣ ಅಂದ್ರೆ ಕ್ಲೈಮೇಟ್ ಎಂದು ಹೇಳಿಕೊಟ್ಟಿದ್ದರು. ಪತ್ರಿಕೆಯವರು ಎರಡನ್ನೂ ಒಂದೇ ಪಾತ್ರೆಗೆ ಸುರಿದು "ಹವಾಮಾನ ಬದಲಾವಣೆ" ಮಾಡಿಬಿಟ್ಟರು. ಇವತ್ತು ಸಂಜೆ ಮಳೆ ಬಂತು ಎಂದರೆ ಹವಾಮಾನ. ತುಮಕೂರಿನಲ್ಲಿ ಮೇ ತಿಂಗಳಲ್ಲಿ ಸಾಮಾನ್ಯವಾಗಿ ಎಷ್ಟು ಮಳೆ ಬರುತ್ತದೆ ಎಂದರೆ ವಾಯುಗುಣ. ಕಲೆ ಕುಗ್ಗುವುದು ಇವೆರಡರಲ್ಲಿ ಯಾವುದು?

ಜುನೋ_ಜಾಣ

ಕಲೆ ಒಂದು ಬಿರುಗಾಳಿ. ಹಾಗಾಗಿ ಹವಾಮಾನ.

ಪದಬಂಧ

ಇನ್ನೂರು ವರ್ಷ ಬೀಸುವ ಬಿರುಗಾಳಿಗೆ ಹವಾಮಾನ ಎನ್ನಲು ಬಾಯಿ ಬರುತ್ತದಾ ನಿಮಗೆ?

ಜುನೋ_ಜಾಣ

ಗುರು ಸೂರ್ಯನ ಸುತ್ತ ಒಂದು ಸುತ್ತು ಬರಲು 11.86 ವರ್ಷ ಬೇಕು. ಆ ಲೆಕ್ಕದಲ್ಲಿ ಇನ್ನೂರು ವರ್ಷ ಅಂದ್ರೆ ಅಲ್ಲಿಯ 17 ವರ್ಷ. ಈಗ ಹೇಳಿ.

ಪದಬಂಧ

17 ವರ್ಷದ ಬಿರುಗಾಳಿಯೂ ಹವಾಮಾನ ಅಲ್ಲ, ಸ್ವಾಮಿ.

ಸಂಶಯ_ಸಂಗಪ್ಪ

ನಾನು ಹೇಳಿದರೆ ಎಲ್ಲರೂ ಮೈಮೇಲೆ ಬರುತ್ತೀರಿ, ಆದರೂ ಹೇಳುತ್ತೇನೆ. ಗುರು ಬಿಸಿಯಾಗುತ್ತದೆ ಎಂದು 2004ರಲ್ಲೇ ಹೇಳಿದ್ದಾರೆ. ಯಾರು? ಮೇಲೆ ನೀವೇ ಹೊಗಳಿದ ಅದೇ ಮಾರ್ಕಸ್ ಸಾಹೇಬರು. ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ. 10 ಡಿಗ್ರಿವರೆಗೆ ವ್ಯತ್ಯಾಸ ಆಗುತ್ತದೆ ಎಂದಿದ್ದರು. ಅಲ್ಲಿ ಕಾರ್ಖಾನೆ ಇಲ್ಲ, ಕಲ್ಲಿದ್ದಲು ಇಲ್ಲ. ಅಲ್ಲೂ ಬಿಸಿ, ಇಲ್ಲೂ ಬಿಸಿ ಅಂದ್ರೆ ಎರಡಕ್ಕೂ ಒಂದೇ ಒಲೆ. ಸೂರ್ಯ. ಸುಮ್ನೆ ನಮ್ಮ ಗಾಡಿ, ನಮ್ಮ ಕರೆಂಟು ಎಂದು ಬೈಯ್ಯುವುದೇಕೆ?

ಕೋರಮಂಗಲ_ಕೋತಿ

ಸಂಗಪ್ಪನವರೇ, ಆ ಲೇಖನದಲ್ಲಿ ಸೂರ್ಯ ಆರೋಪಿಯೇ ಅಲ್ಲ. ಮಾರ್ಕಸ್ ಹೇಳಿದ್ದು ಇದು. ಗುರುವಿನ ದಕ್ಷಿಣದಲ್ಲಿ 1939ರ ಸುಮಾರಿಗೆ ಹುಟ್ಟಿದ ಮೂರು ದೊಡ್ಡ ಬಿಳಿ ಸುಳಿಗಳಿದ್ದವು. 1998ರಲ್ಲಿ ಎರಡು ಕೂಡಿಕೊಂಡವು, 2000ದಲ್ಲಿ ಮೂರನೆಯದೂ ಸೇರಿ ಒಂದೇ ಆಯಿತು. ಈ ಸುಳಿಗಳು ಸಾರು ಕದಡುವ ಸೌಟಿನ ಹಾಗೆ ನಡುಭಾಗದ ಬಿಸಿಯನ್ನು ಧ್ರುವದ ಕಡೆ ಹಂಚುತ್ತವೆ. ಸೌಟು ಕಡಿಮೆಯಾದರೆ ನಡುಭಾಗ ಬಿಸಿ, ಧ್ರುವ ತಣ್ಣಗೆ. ಒಟ್ಟು ಬಿಸಿ ಜಾಸ್ತಿಯಾಗುತ್ತದೆ ಎಂದಲ್ಲ, ಹಂಚಿಕೆ ಬದಲಾಗುತ್ತದೆ ಎಂದು. ಸುಮಾರು 70 ವರ್ಷದ ಚಕ್ರ ಅದು ಎಂಬುದು ಅವರ ಊಹೆ.

ಅಂದ ಹಾಗೆ ಆ ಕೂಡಿಕೊಂಡ ಸುಳಿ 2006ರಲ್ಲಿ ಕೆಂಪಾಯಿತು. ಮೊದಲು ಕಂಡದ್ದು ಫಿಲಿಪೈನ್ಸ್‌ನ ಹವ್ಯಾಸಿ ಕ್ರಿಸ್ಟೋಫರ್ ಗೋ ಅವರಿಗೆ.

ಇನ್ನು ಒಲೆಯ ಮಾತು. ಸೂರ್ಯ ಎಷ್ಟು ಶಾಖ ಕೊಡುತ್ತಾನೆ ಎಂದು 1978ರಿಂದ ಉಪಗ್ರಹಗಳು ಅಳೆಯುತ್ತಿವೆ. 11 ವರ್ಷದ ಚಕ್ರದಲ್ಲಿ 0.1 ಶೇಕಡಾದಷ್ಟು ಏರಿಳಿತ ಇದೆ, ಏರುಮುಖ ಇಲ್ಲ. ಸೂರ್ಯನೇ ಕಾರಣವಾಗಿದ್ದರೆ ಭೂಮಿಯ ವಾಯುಮಂಡಲ ಮೇಲಿಂದ ಕೆಳಗೆ ಎಲ್ಲ ಕಡೆ ಬಿಸಿಯಾಗಬೇಕಿತ್ತು. ಆದರೆ ಕೆಳಗೆ ಬಿಸಿ, ಮೇಲಿನ ಸ್ತರದಲ್ಲಿ ತಣ್ಣಗಾಗುತ್ತಿದೆ. ಅದು ಹಸಿರುಮನೆ ಅನಿಲಗಳ ಕಂಬಳಿ ಹೊದ್ದ ಲಕ್ಷಣ, ಒಲೆ ಉರಿ ಜಾಸ್ತಿಯಾದ ಲಕ್ಷಣ ಅಲ್ಲ.

ಹಳೇ_ಕನ್ನಡಕ

ಇದಕ್ಕೆ ಒಂದು ಸೇರಿಸುತ್ತೇನೆ. ಗುರುವಿಗೆ ತಲುಪುವ ಬಿಸಿಲು ನಮ್ಮದರ 27ರಲ್ಲಿ ಒಂದು ಭಾಗ. ಆದರೆ ಗುರು ಸೂರ್ಯನಿಂದ ಹೀರಿಕೊಂಡದ್ದರ ಹೆಚ್ಚುಕಡಿಮೆ ಎರಡು ಪಟ್ಟು ಶಾಖವನ್ನು ಹೊರಗೆ ಬಿಡುತ್ತದೆ. ಹುಟ್ಟಿದಾಗಿನ ಬಿಸಿ ಇನ್ನೂ ಆರಿಲ್ಲ. ಅಲ್ಲಿಯ ಒಲೆ ನೆಲಮಾಳಿಗೆಯಲ್ಲಿದೆ. ಸಂಗಪ್ಪನವರ ಒಂದೇ ಒಲೆ ಲೆಕ್ಕ ಅಲ್ಲೇ ಮುರಿಯುತ್ತದೆ.

ಸಂಶಯ_ಸಂಗಪ್ಪ

ಸರಿ ಸ್ವಾಮಿ. ಹಾಗಾದರೆ ಬಿಸಿ ಆಯಿತೋ ಇಲ್ಲವೋ? ಊಹೆ ಬೇಡ, ಥರ್ಮಾಮೀಟರ್ ಇಟ್ಟು ನೋಡಿದವರು ಯಾರಾದರೂ ಇದ್ದಾರಾ?

ಜುನೋ_ಜಾಣ

ಇದ್ದಾರೆ. ನಿಮ್ಮ ಪ್ರಶ್ನೆ ಒಳ್ಳೆಯದು, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನಾಸಾದ ಜೆಪಿಎಲ್ ಪ್ರಯೋಗಾಲಯದಲ್ಲಿ ಗ್ಲೆನ್ ಆರ್ಟನ್ ಎಂಬ ವಿಜ್ಞಾನಿ ಇದ್ದಾರೆ. ಅವರು ಮತ್ತು ಜೊತೆಗಾರರು 1978ರಿಂದ ಗುರುವಿನ ಶಾಖದ ಕಿರಣಗಳನ್ನು ಅಳೆದ ದಾಖಲೆ ಕೂಡಿಸಿದರು. ನಮ್ಮ ಕಣ್ಣಿಗೆ ಕಾಣುವುದು ಮೋಡಕ್ಕೆ ಬಡಿದು ಬಂದ ಬಿಸಿಲು. ಇವರು ಹಿಡಿದದ್ದು ಗುರು ತಾನೇ ಬಿಡುವ ಅವಕೆಂಪು ಕಿರಣ. ಅದರಿಂದ ಮೋಡದ ಮೇಲಿನ ಉಷ್ಣತೆ ಗೊತ್ತಾಗುತ್ತದೆ. ಹವಾಯಿಯ ಬೆಟ್ಟದ ಮೇಲಿನ ದೂರದರ್ಶಕಗಳು, ಚಿಲಿಯ ವಿಎಲ್‌ಟಿ ಎಂಬ ದೊಡ್ಡ ದೂರದರ್ಶಕ, ಹೀಗೆ ಬೇರೆ ಬೇರೆ ಕಡೆಯಿಂದ ಸಂಗ್ರಹಿಸಿದ್ದು. ದೂರದರ್ಶಕ ಬದಲಾಯಿತು, ಉಪಕರಣ ಬದಲಾಯಿತು, ಅಳತೆ ನಿಲ್ಲಲಿಲ್ಲ. 2022ರ ಡಿಸೆಂಬರ್‌ನಲ್ಲಿ ಫಲಿತಾಂಶ ಹೊರಬಂತು.

ಕಂಡದ್ದೇನು? ಒಂದೇ ಸಮ ಬಿಸಿ ಏರುವುದಲ್ಲ. ಏರಿಳಿತ. ಕೆಲವು ಪಟ್ಟಿಗಳಲ್ಲಿ 4 ವರ್ಷಕ್ಕೊಮ್ಮೆ, ಕೆಲವು ಕಡೆ 7ರಿಂದ 9 ವರ್ಷ, ಇನ್ನು ಕೆಲವು ಕಡೆ 10ರಿಂದ 14 ವರ್ಷಕ್ಕೊಮ್ಮೆ. ಇದಕ್ಕೆ ಋತುಗಳ ಸಂಬಂಧ ಕಾಣುವುದಿಲ್ಲ. ಗುರುವಿನ ಅಕ್ಷ ವಾಲಿರುವುದೇ 3 ಡಿಗ್ರಿ, ಭೂಮಿಯದು 23.4. ಬೇಸಿಗೆ ಚಳಿಗಾಲ ಎಂಬುದೇ ಅಲ್ಲಿ ಸರಿಯಾಗಿ ಇಲ್ಲ.

ನನಗೆ ಬೆರಗಾದದ್ದು ಇನ್ನೊಂದು. ಉತ್ತರದ ಒಂದು ಅಕ್ಷಾಂಶದಲ್ಲಿ ಬಿಸಿ ಏರಿದಾಗ ದಕ್ಷಿಣದ ಅದೇ ಅಕ್ಷಾಂಶದಲ್ಲಿ ಇಳಿಯುತ್ತದೆ. ತಕ್ಕಡಿ ಥರ. ನಡುವೆ ಸಾವಿರಾರು ಕಿಲೋಮೀಟರ್. ಒಂದಕ್ಕೊಂದು ಸುದ್ದಿ ಹೇಗೆ ಮುಟ್ಟುತ್ತದೋ! ಸಮಭಾಜಕದ ಹತ್ತಿರ ಕೆಳಗಿನ ಸ್ತರ ಬಿಸಿಯಾದಾಗ ಮೇಲಿನ ಸ್ತರ ತಣ್ಣಗಾಗುತ್ತದೆ. ಮೇಲಿನದು ಕೆಳಗಿನದನ್ನು ಅಲ್ಲಾಡಿಸುತ್ತದೆಯೋ, ಕೆಳಗಿನದು ಮೇಲಿನದನ್ನೋ, ಅದೇ ಈಗಿನ ಜಗಳ.

ಮೂಡಿಗೆರೆ_ಮಳೆ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಈಗ ಬಾಯಿ ಕಟ್ಟಲು ಆಗಲಿಲ್ಲ.

ನಮ್ಮದು ಕಾಫಿ ತೋಟ. ಅಜ್ಜ 1960ರ ದಶಕದಲ್ಲಿ ಮಳೆಮಾಪಕ ಇಟ್ಟರು. ದಿನಾ ಬೆಳಿಗ್ಗೆ 8ಕ್ಕೆ ಅಳೆದು ಪುಸ್ತಕಕ್ಕೆ ಬರೆಯುವುದು. ಇಂಚು, ಸೆಂಟು (ಇಂಚಿನ ನೂರರಲ್ಲಿ ಒಂದು ಭಾಗ). ಮದುವೆ ಇರಲಿ, ಸೂತಕ ಇರಲಿ. ಅಜ್ಜ ಹೋದ ದಿನವೂ ಅಪ್ಪ ಬರೆದಿದ್ದಾರೆ, "2 ಇಂಚು 15 ಸೆಂಟು" ಎಂದು. ಬೇರೆ ಏನೂ ಬರೆದಿಲ್ಲ. ನಮ್ಮ ಸುತ್ತಲಿನ ತೋಟಗಳಲ್ಲೂ ಇದೇ ಪದ್ಧತಿ. ಮಳೆಗಾಲದಲ್ಲಿ ಒಬ್ಬರಿಗೊಬ್ಬರು ಫೋನ್ ಮಾಡುವುದೇ "ನಿಮ್ಮಲ್ಲಿ ಎಷ್ಟು ಸೆಂಟು?" ಎಂದು.

ನಾನು ಹುಡುಗನಾಗಿದ್ದಾಗ ಇದೊಂದು ಹುಚ್ಚು ಎನಿಸುತ್ತಿತ್ತು. ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಬರುತ್ತಿತ್ತು, ಈಗ ಯಾವಾಗ ಬರುತ್ತಿದೆ ಎಂದು ಜನ ಜಗಳ ಆಡುವಾಗ ಆ ಪುಸ್ತಕ ತೆಗೆದರೆ ಎಲ್ಲರೂ ಸುಮ್ಮನಾಗುತ್ತಾರೆ. ಎಲ್ಲರ ನೆನಪೂ ಸುಳ್ಳು ಹೇಳುತ್ತದೆ ಸಾರ್. ನನ್ನದೂ. ಆರ್ಟನ್ ಅವರದ್ದೂ ನಮ್ಮ ಅಜ್ಜನ ಕೆಲಸವೇ ಅಲ್ವಾ? ಪುಸ್ತಕ ದೊಡ್ಡದು ಅಷ್ಟೇ.

ತಕ್ಕಡಿ ಮಾತು ನಮಗೆ ಹೊಸದಲ್ಲ. ಪೆಸಿಫಿಕ್‌ನಲ್ಲಿ ಎಲ್ ನಿನೋ ಎದ್ದರೆ ನಮ್ಮಲ್ಲಿ ಮುಂಗಾರು ಕೈಕೊಡುವ ಭಯ. ಎಲ್ಲಿಯ ಸಮುದ್ರ, ಎಲ್ಲಿಯ ಮೂಡಿಗೆರೆ.

ಪದಬಂಧ

ನನ್ನ ಪ್ರಶ್ನೆಗೆ ಉತ್ತರ ಇವರು ಕೊಟ್ಟರು. ದಿನದ ಸೆಂಟು ಹವಾಮಾನ, ಪುಸ್ತಕ ವಾಯುಗುಣ.

ಕೋರಮಂಗಲ_ಕೋತಿ

ಚೆನ್ನಾಗಿದೆ. ಆದರೆ ಇಲ್ಲೇ ನನ್ನ ತಕರಾರು. ಆರ್ಟನ್ ಪುಸ್ತಕ 40 ವರ್ಷದ್ದು. ಗುರುವಿನ ಲೆಕ್ಕದಲ್ಲಿ ಮೂರೂವರೆ ವರ್ಷ ಕೂಡ ಆಗಲಿಲ್ಲ. ಮೂರು ವರ್ಷ ಮಳೆ ಅಳೆದು ಮೂಡಿಗೆರೆಯ ವಾಯುಗುಣ ಹೇಳುತ್ತೇನೆ ಎಂದರೆ ನಿಮ್ಮ ಅಜ್ಜ ಒಪ್ಪುತ್ತಿದ್ದರಾ? 10ರಿಂದ 14 ವರ್ಷದ ಚಕ್ರ ಎಂದರೆ 40 ವರ್ಷದಲ್ಲಿ ಮೂರೋ ನಾಲ್ಕೋ ಸಲ ಕಂಡಿರುತ್ತದೆ. ಮತ್ತೆ ಗುರು ಸೂರ್ಯನಿಗೆ ಹತ್ತಿರ ಬಂದಾಗಿನ ಬಿಸಿಲಿಗೂ ದೂರ ಹೋದಾಗಿನ ಬಿಸಿಲಿಗೂ 20 ಶೇಕಡಾ ವ್ಯತ್ಯಾಸ ಇದೆ. ಅದೂ 12 ವರ್ಷಕ್ಕೊಮ್ಮೆ. ಎರಡನ್ನೂ ಬೇರೆ ಮಾಡಲು ಇನ್ನೂ ಎರಡು ತಲೆಮಾರು ಬೇಕು.

ಮೂಡಿಗೆರೆ_ಮಳೆ

ಅಜ್ಜ ಒಪ್ಪುತ್ತಿರಲಿಲ್ಲ. ಆದರೆ ಅಳೆಯುವುದನ್ನೂ ನಿಲ್ಲಿಸುತ್ತಿರಲಿಲ್ಲ.

ಗುರುಬಲ_ಬಂತಾ

ಪಂಚಾಂಗದಲ್ಲಿ ಗುರು ಒಂದು ರಾಶಿಯಲ್ಲಿ ಒಂದು ವರ್ಷ ಇರುತ್ತಾನೆ, 12 ರಾಶಿಗೆ 12 ವರ್ಷ. ನಮ್ಮಕ್ಕನಿಗೆ ಗುರುಬಲ ಇಲ್ಲ ಎಂದು ಮದುವೆ ಒಂದು ವರ್ಷ ಮುಂದೆ ಹಾಕಿದರು. ಆ ಗಂಡು ಕಾಯಲಿಲ್ಲ. ಅದೂ ಒಂದು ದೂರದ ಪರಿಣಾಮ, ನಿಮ್ಮ ಎಲ್ ನಿನೋ ಥರ.

ತುಮಕೂರು_ಡಾಬ್

ಅಕ್ಕ ಈಗ ಹೇಗಿದ್ದಾರೆ?

ಗುರುಬಲ_ಬಂತಾ

ಬೇರೆ ಗಂಡು ಸಿಕ್ಕಿತು. ಚೆನ್ನಾಗಿದ್ದಾಳೆ. ಭಾವ ಸ್ವಲ್ಪ ಮೋಡ ಕವಿದ ವಾತಾವರಣ.

ಹಳೇ_ಕನ್ನಡಕ

ಬದಲಾವಣೆ ಎಂದರೆ ಕೆಂಪು ಕಲೆ ಮಾತ್ರ ಎಂದುಕೊಳ್ಳಬೇಡಿ. ನನ್ನ ಕಥೆ ಕೇಳಿ.

2010ರ ಮೇ ಕೊನೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನನ್ನ 6 ಇಂಚಿನಲ್ಲಿ ಗುರುವನ್ನು ಹಿಡಿದೆ. ಎರಡು ದಪ್ಪ ಪಟ್ಟೆ ಇರಬೇಕಲ್ಲ, ಒಂದೇ ಇದೆ! ದಕ್ಷಿಣದ್ದು ಇಲ್ಲವೇ ಇಲ್ಲ. ಕಣ್ಣೊರೆಸಿಕೊಂಡೆ. ಕನ್ನಡಕ ಒರೆಸಿದೆ. ಕಣ್ಣಿಟ್ಟು ನೋಡುವ ಐಪೀಸ್ ಮಸೂರದ ಮೇಲೆ ಮಂಜು ಕೂತಿದೆ ಎಂದು ಪಂಚೆಯ ತುದಿಯಿಂದ ಉಜ್ಜಿದೆ. ಗೀರು ಬಿತ್ತು, ಆ ಗೀರು ಇವತ್ತಿಗೂ ಇದೆ. ಪಟ್ಟೆ ಬರಲಿಲ್ಲ. ಆಮೇಲೆ ಗೊತ್ತಾಯಿತು, ಆಸ್ಟ್ರೇಲಿಯಾದ ಆಂಥನಿ ವೆಸ್ಲಿ ಎಂಬ ಹವ್ಯಾಸಿ ಆ ತಿಂಗಳ ಮೊದಲಲ್ಲೇ ಇದನ್ನು ಚಿತ್ರ ತೆಗೆದಿದ್ದರು ಎಂದು. ಅದಕ್ಕೆ ಮೊದಲು ಕೆಲವು ತಿಂಗಳು ಗುರು ಸೂರ್ಯನ ಆ ಕಡೆ ಇತ್ತು. ಕಾಣದ ಹೊತ್ತಿನಲ್ಲಿ ಪಟ್ಟೆ ಪೂರ್ತಿ ಮಾಸಿತ್ತು.

ಪಟ್ಟೆ ನಿಜವಾಗಿ ಎಲ್ಲೂ ಹೋಗಿರಲಿಲ್ಲ. ಮೇಲೆ ಅಮೋನಿಯಾ ಹಿಮದ ಬಿಳಿ ಮೋಡ ಹೊದ್ದುಕೊಂಡಿತ್ತು. ನವೆಂಬರ್‌ನಲ್ಲಿ ಒಂದು ಜಾಗದಲ್ಲಿ ಬಿಳಿ ಬುಗ್ಗೆ ಎದ್ದಿತು. ಅದನ್ನೂ ಮೊದಲು ಕಂಡದ್ದು ಅದೇ ಕ್ರಿಸ್ಟೋಫರ್ ಗೋ. ಅಲ್ಲಿಂದ ಹರಡಿ ಹರಡಿ ಪಟ್ಟೆ ಮತ್ತೆ ಮೂಡಿತು. 1973ರಲ್ಲಿ ಪಯೋನಿಯರ್ 10 ನೌಕೆ ಹೋದಾಗಲೂ ಆ ಪಟ್ಟೆ ಮಾಸಿತ್ತು. 1989ರಲ್ಲೂ ಆಗಿತ್ತು. ಇಂಥದ್ದೇ ಕಾಲಕ್ಕೆ ಆಗುತ್ತದೆ ಎಂದು ಹೇಳುವ ಹಾಗಿಲ್ಲ. ಅದಕ್ಕೇ ಯಾರಾದರೂ ಒಬ್ಬರು ದಿನಾ ನೋಡುತ್ತಿರಬೇಕು. ಹಬಲ್ 2015ರಿಂದ ವರ್ಷಕ್ಕೊಮ್ಮೆ ಗುರುವಿನ ಪೂರ್ತಿ ನಕ್ಷೆ ತೆಗೆಯುತ್ತದೆ, ಸರಿ. ಉಳಿದ 360 ದಿನ?

ಮೆಲ್ಬರ್ನ್_ಮಂಜ

ನಾವಿದ್ದೇವೆ! ಇಲ್ಲಿ ನನ್ನ ಡಾಬ್‌ನಲ್ಲಿ ಗುರು ನೇರವಾಗಿ ಕಾಣುತ್ತಾನೆ, ನಿಮ್ಮದರಲ್ಲಿ ತಲೆಕೆಳಗೆ. ಭೂಮಿಯ ಈ ಕಡೆಯಲ್ಲಿ ನಾವೇ ತಲೆಕೆಳಗಾಗಿ ನಿಂತಿದ್ದೇವಲ್ಲ. ಆದರೆ ಈ ವರ್ಷ ನಿಮಗೇ ಲಾಭ. ಗುರು ಮಿಥುನದಲ್ಲಿದೆ, ನಿಮಗೆ ನಡುನೆತ್ತಿ. ನಮಗೆ ಉತ್ತರದ ಮನೆಗಳ ಸೂರಿನ ಮೇಲೆ ಕುದಿಯುವ ಗಾಳಿಯಲ್ಲಿ ನೋಡಬೇಕು.

ತುಮಕೂರು_ಡಾಬ್

ನಡುನೆತ್ತಿ ಲಾಭ ಎಂದವರು ಯಾರು? ಡಾಬ್ ನೆಟ್ಟಗೆ ಮೇಲೆ ಮುಖ ಮಾಡಿದರೆ ತಿರುಗಿಸಲು ಬರುವುದಿಲ್ಲ, ಇಡೀ ಬುಡವೇ ಗಿರಗಿರ. ಬೆನ್ನು ಹಿಡಿದುಕೊಂಡಿದೆ.

ಎಂಟನೇ_ಕ್ಲಾಸ್_ಮೇಷ್ಟ್ರು

2022ರ ಸೆಪ್ಟೆಂಬರ್ 26ಕ್ಕೆ ಗುರು 59 ವರ್ಷದಲ್ಲೇ ಅತಿ ಹತ್ತಿರ ಬಂದಿತ್ತು. ನಮ್ಮ ಶಾಲೆಯಲ್ಲಿ 120 ಮಕ್ಕಳನ್ನು ಸಾಲು ನಿಲ್ಲಿಸಿದೆ. ಬಾಡಿಗೆ ದೂರದರ್ಶಕ. ಏಳು ಮಕ್ಕಳು ನೋಡುವಷ್ಟರಲ್ಲಿ ಮೋಡ. ಒಬ್ಬಳು ಕೇಳಿದಳು, "ಸಾರ್, ಅಲ್ಲಿಯ ಮೋಡ ನೋಡಲು ಇಲ್ಲಿಯ ಮೋಡ ಬಿಡುತ್ತಿಲ್ಲ ಅಲ್ವಾ?" ಉಪ್ಪಿಟ್ಟು ತಿಂದು ಮನೆಗೆ ಹೋದೆವು.

ನನಗೂ ಒಂದು ಸಂಶಯ. ಮಕ್ಕಳು ಕೇಳುತ್ತಾರೆ, ಭೂಮಿಯ ಚಂಡಮಾರುತ ಒಂದು ವಾರಕ್ಕೆ ಸುಸ್ತಾಗುತ್ತದೆ, ಅಲ್ಲಿ ಯಾಕೆ ಆಗುವುದಿಲ್ಲ ಎಂದು.

ಜುನೋ_ಜಾಣ

ಮೇಷ್ಟ್ರೇ, ನಮ್ಮ ಚಂಡಮಾರುತ ಬೆಚ್ಚಗಿನ ಸಮುದ್ರದ ಮೇಲೆ ಬದುಕುತ್ತದೆ. ನೆಲ ಹತ್ತಿದ ಕೂಡಲೇ ಆಹಾರ ಇಲ್ಲ, ಗುಡ್ಡ ಮರ ಉಜ್ಜಿ ಸುಸ್ತು. ಗುರುವಿಗೆ ಹತ್ತಲು ನೆಲವೇ ಇಲ್ಲ. ಜೊತೆಗೆ ಕೆಂಪು ಕಲೆಯ ಎರಡೂ ಕಡೆ ಎದುರುಬದುರು ದಿಕ್ಕಿಗೆ ಗಾಳಿಯ ಹೊಳೆಗಳು ಓಡುತ್ತವೆ. ಎರಡು ಅಂಗೈ ನಡುವೆ ಉಂಡೆ ಉರುಳಿಸಿದ ಹಾಗೆ ಅವು ಕಲೆಯನ್ನು ತಿರುಗಿಸುತ್ತವೆ. ಚಿಕ್ಕ ಪುಟ್ಟ ಸುಳಿಗಳು ಬಂದು ಬಿದ್ದಾಗ ನುಂಗುತ್ತದೆ. ಆ ಊಟ ಕಡಿಮೆಯಾದದ್ದೇ ಕುಗ್ಗಲು ಕಾರಣ ಇರಬಹುದು ಎಂದು 2024ರಲ್ಲಿ ಒಂದು ಅಧ್ಯಯನ ಹೇಳಿತು.

ಇನ್ನೊಂದು ತಪ್ಪು ತಿದ್ದಿಬಿಡಿ. ಅದು ಚಂಡಮಾರುತದ ಉಲ್ಟಾ. ನಡುವೆ ಒತ್ತಡ ಜಾಸ್ತಿ.

ಎಂಟನೇ_ಕ್ಲಾಸ್_ಮೇಷ್ಟ್ರು

ಉಲ್ಟಾ ಎಂದು ಹತ್ತು ವರ್ಷದಿಂದ ಹೇಳಿಕೊಟ್ಟಿಲ್ಲ ನಾನು. ಹಳೆಯ ಬ್ಯಾಚ್‌ಗಳು ಕ್ಷಮಿಸಲಿ.

ಕೋರಮಂಗಲ_ಕೋತಿ

ಆಳ ಎಷ್ಟು ಗೊತ್ತಾ? ನಾಸಾದ ಜುನೋ ನೌಕೆ 2016ರ ಜುಲೈನಲ್ಲಿ ಗುರುವಿನ ಕಕ್ಷೆ ಸೇರಿತು. ಕಲೆಯ ಮೇಲೆ ಹಾರುವಾಗ ಗುರುತ್ವದ ಎಳೆತದಲ್ಲಿ ಆದ ಕೂದಲೆಳೆ ವ್ಯತ್ಯಾಸ ಅಳೆದು, 500 ಕಿ.ಮೀ.ಗಿಂತ ಆಳ ಇಲ್ಲ ಎಂದರು. ಸುತ್ತಲಿನ ಗಾಳಿಯ ಹೊಳೆಗಳು ಮಾತ್ರ 3,000 ಕಿ.ಮೀ. ಆಳಕ್ಕೆ ಹೋಗುತ್ತವೆ. ಕಲೆ ಹೊಳೆಯ ಮೇಲೆ ತೇಲುವ ದೋಸೆ ಇದ್ದ ಹಾಗೆ.

ಮೂಡಿಗೆರೆ_ಮಳೆ

ಅಲ್ಲಿ ಮಳೆ ಬರುತ್ತದಾ?

ಜುನೋ_ಜಾಣ

ಬರುತ್ತದೆ, ಆಲಿಕಲ್ಲೂ ಬೀಳುತ್ತದೆ ಅಣ್ಣ. ಬಿರುಗಾಳಿ ನೀರಿನ ಹಿಮವನ್ನು ತುಂಬಾ ಮೇಲಕ್ಕೆ ಎಸೆಯುತ್ತದೆ. ಅಲ್ಲಿ ಅಮೋನಿಯಾ ತಾಗಿದರೆ ಆ ಕೊರೆಯುವ ಚಳಿಯಲ್ಲೂ ಹಿಮ ಕರಗುತ್ತದೆ, ಉಪ್ಪು ಹಾಕಿದ ಐಸ್ ಥರ. ಆ ರಸಕ್ಕೆ ಮೇಲೊಂದು ಹಿಮದ ಸಿಪ್ಪೆ ಬೆಳೆದು ಉಂಡೆಯಾಗಿ ಆಳಕ್ಕೆ ಬೀಳುತ್ತದೆ ಎಂದು 2020ರಲ್ಲಿ ಜುನೋ ತಂಡ ಹೇಳಿತು. ಮೇಲಿನ ಅಮೋನಿಯಾ ಎಲ್ಲಿ ಹೋಗುತ್ತಿದೆ ಎಂಬ ಒಗಟಿಗೆ ಅದೇ ಉತ್ತರ ಇರಬಹುದು. ಸಿಡಿಲೂ ಇದೆ.

ಹಳೇ_ಕನ್ನಡಕ

ಮಳೆ ಅಳೆಯಲು ಹೋಗಿ ಮೋಸ ಹೋದ ಕಥೆಯೂ ಇದೆ. 1995ರ ಡಿಸೆಂಬರ್ 7ರಂದು ಗೆಲಿಲಿಯೋ ನೌಕೆ ಬಿಟ್ಟ ಒಂದು ಶೋಧಕ ಗುರುವಿನೊಳಕ್ಕೆ ಪ್ಯಾರಾಶೂಟ್‌ನಲ್ಲಿ ಇಳಿಯಿತು. ಒಂದು ಗಂಟೆಗೆ ಸ್ವಲ್ಪ ಕಡಿಮೆ ಮಾತಾಡಿ ಸುಟ್ಟುಹೋಯಿತು. ನೀರು ಎಲ್ಲಿ ಎಂದು ನೋಡಿದರೆ ಒಣ ಗಾಳಿ. ಎಲ್ಲರಿಗೂ ತಲೆನೋವು. ಆಮೇಲೆ ಗೊತ್ತಾದದ್ದು, ಅದು ಬಿದ್ದದ್ದೇ ಮೋಡ ಹರಿದ ಒಣ ಜಾಗದಲ್ಲಿ. ಜುಲೈನಲ್ಲಿ ಆಗುಂಬೆಗೆ ಹೋಗಿ, ಬಿಸಿಲು ಬಿದ್ದ ಹತ್ತು ನಿಮಿಷ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಇಲ್ಲಿ ಮಳೆ ಬರುವುದಿಲ್ಲ ಎಂದು ವರದಿ ಬರೆದ ಹಾಗೆ.

ಪದಬಂಧ

ಶನಿಯಲ್ಲಿ ಇನ್ನೂ ಮಜಾ. ಸುಮಾರು 30 ವರ್ಷಕ್ಕೊಮ್ಮೆ ದೊಡ್ಡ ಬಿಳಿ ಬಿರುಗಾಳಿ ಏಳುತ್ತದೆ. 1933ರದ್ದನ್ನು ಕಂಡುಹಿಡಿದವರು ವಿಲ್ ಹೇ, ಬ್ರಿಟನ್ನಿನ ಹಾಸ್ಯನಟ. ಸಿನಿಮಾದಲ್ಲಿ ಪೆದ್ದು ಮೇಷ್ಟ್ರ ಪಾತ್ರ, ಮನೆಯಲ್ಲಿ 6 ಇಂಚಿನ ದೂರದರ್ಶಕ.

ಎಂಟನೇ_ಕ್ಲಾಸ್_ಮೇಷ್ಟ್ರು

ಪೆದ್ದು ಮೇಷ್ಟ್ರು ಎಂದು ನನ್ನ ಕಾಮೆಂಟ್ ಕೆಳಗೇ ಬರೆಯಬೇಕಿತ್ತಾ?

ಸಂಶಯ_ಸಂಗಪ್ಪ

ಸೂರ್ಯನ ವಿಷಯ ನಾನು ಇನ್ನೊಮ್ಮೆ ಓದುತ್ತೇನೆ. ಮಳೆ ಪುಸ್ತಕದ ಮಾತು ಮಾತ್ರ ಹಿಡಿಸಿತು. ನಮ್ಮೂರಿನ ಕಡೆ ಯಾರೂ ಬರೆದಿಡಲಿಲ್ಲ. ಎಲ್ಲರೂ "ನಮ್ಮ ಕಾಲದಲ್ಲಿ ಮಳೆ ಜೋರು" ಎನ್ನುತ್ತಾರೆ. ನಾನೂ ಎನ್ನುತ್ತೇನೆ.

ಗುರುಬಲ_ಬಂತಾ

ಸ್ಕ್ರೀನ್‌ಶಾಟ್ ತೆಗೆದುಕೊಂಡೆ.

ತುಮಕೂರು_ಡಾಬ್ · ಗುರುವಾರ ರಾತ್ರಿ 11.40

ಸಿಕ್ಕಿತು!!! ಹತ್ತು ಗಂಟೆಗೆ ಹೋದಾಗ ಬರೀ ಗುಳಿ ಕಂಡಿತು, ಒಂದು ಅಂಚಿನಲ್ಲಿ. ಹತ್ತೂವರೆಗೆ ಗುಳಿಯೊಳಗೆ ಏನೋ ಇದೆ ಅನಿಸಿತು. ಆಮೇಲೆ ಗಾಳಿ ಒಂದೆರಡು ಸೆಕೆಂಡ್ ನಿಂತಾಗ ಸ್ಪಷ್ಟವಾಗಿ ಕಂಡಿತು. ದುಂಡಗೆ, ಮಾಸಲು. ಹಳೇ ಕನ್ನಡಕ ಸಾರ್ ಹೇಳಿದ ಅದೇ ಇಟ್ಟಿಗೆ ಬಣ್ಣ. ಅಮ್ಮನನ್ನು ಎಬ್ಬಿಸಿ ಕರೆತಂದೆ. ನೋಡಿ "ಇದಕ್ಕಾ ಇಷ್ಟು ದುಡ್ಡು?" ಎಂದು ಹೇಳಿ ಮತ್ತೆ ಮಲಗಲು ಹೋದರು. ಐದು ನಿಮಿಷಕ್ಕೆ ಶಾಲು ಹೊದ್ದು ವಾಪಸ್ ಬಂದು ಇನ್ನೊಮ್ಮೆ ನೋಡಿದರು.

ಪೆನ್ಸಿಲ್‌ನಲ್ಲಿ ಚಿತ್ರ ಬಿಡಿಸಿದ್ದೇನೆ, ಚೆನ್ನಾಗಿಲ್ಲ. ಕಲೆ ನಡುಗೆರೆ ದಾಟಿದ್ದು ರಾತ್ರಿ 10.55. ಹೊಸ ನೋಟ್‌ಬುಕ್ಕಿನಲ್ಲಿ ಮೊದಲ ಪುಟ.

ಹಳೇ_ಕನ್ನಡಕ

ಭೇಷ್. ಚಿತ್ರ ಹಾಕಿ, ಚೆನ್ನಾಗಿಲ್ಲದಿದ್ದರೂ ಹಾಕಿ. ಒಂದು ತಿದ್ದುಪಡಿ. ನಮ್ಮ ಗಡಿಯಾರದ ಸಮಯ ಬರೆಯಬೇಡಿ, ವಿಶ್ವ ಸಮಯ ಬರೆಯಿರಿ. ಐದೂವರೆ ಗಂಟೆ ಕಳೆಯಬೇಕು. 17.25. ಇಲ್ಲದಿದ್ದರೆ ಮೆಲ್ಬರ್ನ್ ಮಂಜನ ಅಳತೆಗೂ ನಿಮ್ಮದಕ್ಕೂ ತಾಳೆ ಆಗುವುದಿಲ್ಲ.

ತುಮಕೂರು_ಡಾಬ್

ತಿದ್ದಿದೆ. ಪೆನ್ನಲ್ಲಿ ಬರೆದಿದ್ದೆ, ಸ್ವಲ್ಪ ಗಲೀಜಾಯ್ತು.

ಮೂಡಿಗೆರೆ_ಮಳೆ

ನಮ್ಮ ಅಜ್ಜನ ಮೊದಲ ಪುಟವೂ ಗಲೀಜು. ಅಳತೆಗೋಲು ಉಲ್ಟಾ ಇಟ್ಟಿದ್ದರು.